ಕಪ್ಪಾದ ಬೆಳ್ಳಿಗೆ ಮತ್ತೆ ಹೊಳಪು
ಅತ್ತೆ ಕೊಟ್ಟ ದೀಪ, ಕುಂಕುಮ ಭರಣಿ ಕಪ್ಪಾದವೆಂದು ಕೊರಗಬೇಡಿ. ಬೆಳ್ಳಿ ಕೆಟ್ಟಿಲ್ಲ, ಗಾಳಿಯಲ್ಲಿರುವ ಗಂಧಕದ ಅಂಶ ತಗುಲಿ ಮೇಲೆ ಸಲ್ಫೈಡ್ ಪದರ ಕಟ್ಟಿದೆ, ಅಷ್ಟೆ.

ಮೊದಲು ಎಣ್ಣೆಜಿಡ್ಡನ್ನು ಸೋಪಿನ ನೀರಲ್ಲಿ ತೊಳೆಯಿರಿ. ಅಗಲ ಪಾತ್ರೆಯ ತಳಕ್ಕೆ ಅಲ್ಯೂಮಿನಿಯಂ ಫಾಯಿಲ್ ಹಾಸಿ, ಬೆಳ್ಳಿ ಅದಕ್ಕೆ ತಾಗುವಂತಿಡಿ. ಒಂದು ಲೀಟರ್ ಕುದಿನೀರಿಗೆ 2 ಚಮಚ ಅಡುಗೆ ಸೋಡಾ, 1 ಚಮಚ ಉಪ್ಪು ಬೆರೆಸಿ ಮೇಲೆ ಸುರಿಯಿರಿ. ಗಂಧಕವನ್ನು ಅಲ್ಯೂಮಿನಿಯಂ ಎಳೆದುಕೊಳ್ಳುತ್ತದೆ, ಬೆಳ್ಳಿ ಬೆಳ್ಳಿಯಾಗಿಯೇ ಉಳಿಯುತ್ತದೆ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಗಾಬರಿ ಬೇಡ, ಕಿಟಕಿ ತೆರೆದಿಡಿ. ಐದು ನಿಮಿಷದ ನಂತರ ತೆಗೆದು ತೊಳೆದು, ಮೆತ್ತನೆಯ ಹತ್ತಿಬಟ್ಟೆಯಲ್ಲಿ ಒರೆಸಿ.

ಮುತ್ತು, ಹರಳು ಕೂರಿಸಿದ ಒಡವೆಗೂ ಬೇಕೆಂದೇ ಕಪ್ಪು ಮಾಡಿದ ಕೆತ್ತನೆಗೂ ಈ ಉಪಾಯ ಬೇಡವೇ ಬೇಡ. ಟೂತ್‌ಪೇಸ್ಟನ್ನಂತೂ ಮುಟ್ಟಲೇಬೇಡಿ, ಗೀರು ಬೀಳುತ್ತದೆ.