ಮರದ ದೇವಾಲಯವು ಕಲಿಸುವ ಪಾಠ



ಶಿವಾರಪಟ್ಟಣದ ಬೀದಿಯಲ್ಲಿ ನಡೆಯುವವರಿಗೆ ಉಳಿ ಸುತ್ತಿಗೆಗಳ ಸಪ್ಪಳವು ಕೇಳಿಬರುವದು. ಕಲ್ಲಿನ ಕೆಲಸಕ್ಕೆ ಹೆಸರಾದ ಈ ಸೀಮೆಯಲ್ಲಿ ಬೆಳೆದ ನಾವು, ಬಹುಕಾಲ ಬಾಳುವ ಕಟ್ಟಡವು ಕಲ್ಲಿನದೇ ಎಂದು ಎಣಿಸುವದು ಸಹಜವೇ. ಆದಕಾರಣ ನಮ್ಮಲ್ಲಿ ಕೆಲವರು, “ನಾವು ಬಡವರು, ಸ್ವಲ್ಪ ಮಂದಿ; ಕಲ್ಲಿನ ದೇವಾಲಯವಿಲ್ಲದ ಸಭೆಯು ಎಷ್ಟು ಕಾಲ ನಿಂತೀತು?” ಎಂದು ಮನಗುಂದುತ್ತಾರೆ. ಅಂಥವರು ಈ ವೃತ್ತಾಂತವನ್ನು ಓದಿ ಆಲೋಚಿಸಲಿ.

೧. ಅರಸನ ಕಟ್ಟಳೆ

ಯುರೋಪು ಖಂಡದ ಸ್ಲೊವಾಕಿಯ ದೇಶದಲ್ಲಿ, ಹ್ರೊನ್ ನದಿಯ ಬಳಿಯಲ್ಲಿ, ಹ್ರೊನ್ಸೆಕ್ ಎಂಬ ಹಳ್ಳಿಯುಂಟು. ಪೂರ್ವದಲ್ಲಿ ಆ ಸೀಮೆಯು ಹಂಗೇರಿ ರಾಜ್ಯಕ್ಕೆ ಸೇರಿತ್ತು. ಅಲ್ಲಿ ಲೂಥರನ ಬೋಧೆಯನ್ನು ಅನುಸರಿಸಿದವರ ದೇವಾಲಯಗಳನ್ನು ಕಿತ್ತುಕೊಂಡು, ಅವರ ಬೋಧಕರನ್ನು ಓಡಿಸಿದ ಕಾಲವೊಂದಿತ್ತು. ತರುವಾಯ ೧೬೮೧ರಲ್ಲಿ ಲೆಯೊಪೋಲ್ಡ್ ಅರಸನ ಕಾಲದ ರಾಜ್ಯಸಭೆಯು ಶೊಪ್ರೊನ್ ಪಟ್ಟಣದಲ್ಲಿ ಕೂಡಿ, ಕೆಲವು ಜಿಲ್ಲೆಗಳಲ್ಲಿ ಎರಡೆರಡು ಸ್ಥಳಗಳಲ್ಲಿ ಮಾತ್ರ ಅವರು ದೇವಾಲಯ ಕಟ್ಟಬಹುದೆಂದು ವಿಧಿಸಿತು. ಕಲ್ಲು ಕೂಡದು, ಗೋಪುರ ಕೂಡದು, ಒಂದೇ ವರುಷದೊಳಗೆ ಮುಗಿಯಬೇಕು ಎಂಬ ನಿರ್ಬಂಧಗಳೂ ಇದ್ದವೆಂದು ಹಿಂದಿನಿಂದ ಹೇಳಿಬಂದಿದೆ.

೨. ಕಟ್ಟಿದ ರೀತಿ

ಹ್ರೊನ್ಸೆಕ್ಕಿನವರು ೧೭೨೫ರಲ್ಲಿ ಕೆಲಸವನ್ನಾರಂಭಿಸಿ ೧೭೨೬ರಲ್ಲಿ ಮುಗಿಸಿದರು. ಕಟ್ಟಡವು ಶಿಲುಬೆಯ ಆಕಾರದ್ದು. ನಮ್ಮ ಬಡಗಿಯು ನೇಗಿಲಿಗೆ ಈಸನ್ನು ಕೂಡಿಸುವಂತೆ, ಒಂದು ತೊಲೆಯ ತುದಿಯನ್ನು ಕೆತ್ತಿ ಮತ್ತೊಂದರ ತೂತಿನೊಳಗೆ ಸೇರಿಸಿ ಬಿಗಿದಿದ್ದಾರೆ. ಒಳಗೆ ಬೆಂಚುಗಳು ಮೆಟ್ಟಿಲು ಮೆಟ್ಟಿಲಾಗಿ ಏರುವದರಿಂದ, ಸುಮಾರು ೧,೧೦೦ ಮಂದಿ ಕೂತು ವಾಕ್ಯವನ್ನು ಕೇಳಬಹುದು. ಗಂಟೆಯ ಗೋಪುರವು ದೇವಾಲಯಕ್ಕೆ ಅಂಟಿಕೊಳ್ಳದೆ ಬೇರೆಯಾಗಿ ನಿಂತಿದೆ, ಅದೂ ಮರದ್ದೇ. ೨೦೦೮ರಲ್ಲಿ ಯುನೆಸ್ಕೋ ಸಂಸ್ಥೆಯು ಈ ದೇವಾಲಯವನ್ನು, ಆ ಸೀಮೆಯ ಬೇರೆ ಮರದ ದೇವಾಲಯಗಳೊಂದಿಗೆ, ವಿಶ್ವ ಪರಂಪರೆಯ ಪಟ್ಟಿಯಲ್ಲಿ ಸೇರಿಸಿತು.

೩. ನಮಗೆ ಪಾಠ

ಕಲ್ಲಿನ ಗೋಡೆಯನ್ನು ಕೆಲವು ವರುಷ ಮರೆತರೂ ಅದು ನಿಂತೀತು. ಮರವಾದರೋ ಹಾಗಲ್ಲ. ಮಾಡು ಸೋರಿದರೆ ತೊಲೆಯು ಕೊಳೆಯುವದು. ಹುಳ ಹತ್ತಿದರೆ ಕಂಬವು ಟೊಳ್ಳಾಗುವದು. ಒಂದು ಕಿಡಿ ಸಾಕು, ಎಲ್ಲವೂ ಬೂದಿಯಾಗುವದು. ಆದದರಿಂದ ಹ್ರೊನ್ಸೆಕ್ಕಿನ ದೇವಾಲಯವು ಸುಮಾರು ಮುನ್ನೂರು ವರುಷ ನಿಂತಿರುವದಕ್ಕೆ ಮರದ ಗಟ್ಟಿತನವೊಂದೇ ಕಾರಣವಲ್ಲ. ತಂದೆಯಾದ ಮೇಲೆ ಮಗನು, ಮಗನಾದ ಮೇಲೆ ಮೊಮ್ಮಗನು ಅದನ್ನು ಕಾದದ್ದೇ ಕಾರಣ. ಅವರನ್ನು ಕುಗ್ಗಿಸಬೇಕೆಂದಿಟ್ಟ ಕಟ್ಟಳೆಯೇ ಅವರನ್ನು ಎಚ್ಚರವುಳ್ಳ ಕಾವಲುಗಾರರನ್ನಾಗಿ ಮಾಡಿತು.

ಅರಣ್ಯದಲ್ಲಿ ಇಸ್ರಾಯೇಲ್ಯರ ಗುಡಾರವೂ ನಮ್ಮ ಹೊಲದಂಚಿನಲ್ಲಿ ಬೆಳೆಯುವಂಥ ಜಾಲೀಮರದ ಹಲಿಗೆಗಳದೇ ಅಲ್ಲವೇ? ಸಭೆಯೂ ಮರದ ಮನೆಯಂತಿದೆ. ಒಬ್ಬನು ಆರಾಧನೆಗೆ ಬಾರದಿದ್ದರೆ ಒಂದು ಹಲಿಗೆ ಸಡಿಲವಾಯಿತು. ನೆರೆಯವನ ಮೇಲಣ ಹಗೆಯು ಒಳಗೊಳಗೇ ಕೊರೆಯುವ ಹುಳವು. ಸಣ್ಣದಿರುವಾಗಲೇ ನೋಡಿ ಸರಿಪಡಿಸೋಣ.

ಮನೆಯಲ್ಲಿ ಕೇಳತಕ್ಕ ಪ್ರಶ್ನೆಗಳು

೧. ಹ್ರೊನ್ಸೆಕ್ಕಿನವರಿಗೆ ಯಾವ ನಿರ್ಬಂಧಗಳಿದ್ದವು?
೨. ವಿಮೋಚನಕಾಂಡ ೨೬ನೆಯ ಅಧ್ಯಾಯದಲ್ಲಿ ಹಲಿಗೆಗಳನ್ನು ಹೇಗೆ ಕೂಡಿಸಿದರು?
೩. ನಮ್ಮ ಸಭೆಯಲ್ಲಿ ಸಡಿಲವಾದ ಹಲಿಗೆ ಯಾವದು? ಅದನ್ನು ಬಿಗಿಯುವದಕ್ಕೆ ಈ ವಾರ ನಾನು ಯಾರ ಮನೆಗೆ ಹೋಗಬೇಕು?