ಮೊದಲು ಕ್ಯಾಪ್ಸೂಲ್, ಆಮೇಲೆ ಯಂತ್ರ

ಕಾಫಿ ಕ್ಯಾಪ್ಸೂಲ್ ಒಂದರಲ್ಲಿ ಇರುವುದು 5 ಗ್ರಾಂ ಪುಡಿ, ಹೆಚ್ಚೆಂದರೆ 6. ಅದರ ಬೆಲೆ 50 ರೂಪಾಯಿ ಎಂದು ಹಿಡಿದರೆ ಆ ಪುಡಿ ನಮಗೆ ಬೀಳುವುದು ಕಿಲೋಗೆ 10,000 ರೂಪಾಯಿಯಂತೆ. ಚಿಕ್ಕಮಗಳೂರಿನ ಒಳ್ಳೆಯ ಪುಡಿಯನ್ನು ಕಿಲೋಗೆ 1,000 ರೂಪಾಯಿ ಕೊಟ್ಟು ತರಿಸಿದರೂ ಇದು ಅದರ ಹತ್ತು ಪಟ್ಟು. ಮನೆಗೊಂದು ಪುಟ್ಟ ಎಸ್ಪ್ರೆಸೊ ಯಂತ್ರ ತರಬೇಕೆಂದು ಯೋಚಿಸಿದಾಗ ನನ್ನ ವಹಿಯಲ್ಲಿ ಬರೆದ ಮೊದಲ ಲೆಕ್ಕ ಇದು. ಯಂತ್ರದ ಬೆಲೆ ಆ ಹಾಳೆಯಲ್ಲಿ ಬಹಳ ಕೆಳಗೆ ಬಂತು.

ವಿಜಯಪುರ ಜಿಲ್ಲೆಯ ನಮ್ಮ ಲಚ್ಯಾಣ ಚಹಾದ ಊರು. ಸ್ಟೇಷನ್ ಹತ್ತಿರ ನಿಂತರೂ, ಸಿದ್ಧಲಿಂಗ ಮಹಾರಾಜರ ಮಠಕ್ಕೆ ಹೋಗಿ ಬರುವಾಗ ಯಾರದಾದರೂ ಪಡಸಾಲೆಯಲ್ಲಿ ಕೂತರೂ ಕೈಗೆ ಬರುವುದು ಕಪ್ಪು-ಬಸಿಯ ಚಾ. ದೇಶದ ಕಾಫಿಯಲ್ಲಿ ಸುಮಾರು ಶೇ 70 ಕರ್ನಾಟಕದ್ದೇ ಆದರೂ ಅದು ಕೊಡಗು, ಚಿಕ್ಕಮಗಳೂರು, ಹಾಸನದ ಬೆಳೆ. ಭೀಮಾ ತೀರದ ನಮ್ಮ ಕಡೆ ಬೆಳಗಾಗುವುದು ಚಾದಿಂದಲೇ. ಬೆಂಗಳೂರಿನಲ್ಲಿ ಕೆಲಸ ಮಾಡಿದ ವರ್ಷಗಳಲ್ಲಿ ನನಗೆ ಕಾಫಿ ಹತ್ತಿತು, ಊರಿಗೆ ಮರಳಿದ ಮೇಲೂ ಬಿಡಲಿಲ್ಲ. ಮನೆಯಲ್ಲಿ ಉಳಿದವರೆಲ್ಲ ಚಾ ಕುಡಿಯುವವರು, ಕಾಫಿಗೆ ನಾನೊಬ್ಬಳೇ.

ಕ್ಯಾಪ್ಸೂಲ್ ಯಂತ್ರದ ನಿಜವಾದ ಉಪಯೋಗ ಇಂಥ ಮನೆಗೇ ಎಂದು ನಾನು ನಂಬುತ್ತೇನೆ. ಒಬ್ಬಳಿಗಾಗಿ ಫಿಲ್ಟರ್ ಹಾಕಿದರೆ ಡಿಕಾಕ್ಷನ್ ಉಳಿಯುತ್ತದೆ, ಸಂಜೆಗೆ ಅದರ ರುಚಿ ಸತ್ತಿರುತ್ತದೆ. ಒಡೆದ ಪುಡಿಯ ಪೊಟ್ಟಣದ ಘಮ ಕೆಲವೇ ವಾರಗಳಲ್ಲಿ ಹಾರಿಹೋಗುತ್ತದೆ. ಕ್ಯಾಪ್ಸೂಲಿನಲ್ಲಾದರೆ ಪುಡಿ ಗಾಳಿ ಸೋಕದೆ ತಿಂಗಳುಗಟ್ಟಲೆ ಇರುತ್ತದೆ. ಬೇಕಾದಾಗ ಒಂದು ಹಾಕಿ ಗುಂಡಿ ಒತ್ತಿದರೆ 40 ಮಿಲಿಲೀಟರ್ ಎಸ್ಪ್ರೆಸೊ ಸಿದ್ಧ, ಚೆಲ್ಲುವುದು ಏನೂ ಇಲ್ಲ. ಮನೆಯಲ್ಲಿ ನಾಲ್ಕು ಜನ ಕಾಫಿ ಕುಡಿಯುವವರಿದ್ದರೆ ಈ ಲೆಕ್ಕವೇ ತಲೆಕೆಳಗು. ಅಂಥವರು ಸ್ಟೀಲ್ ಫಿಲ್ಟರ್ ಬಿಟ್ಟು ಬೇರೇನೂ ಕೊಳ್ಳಬೇಡಿ ಎಂದು ಕೈಮುಗಿದು ಹೇಳುತ್ತೇನೆ. ಗಟ್ಟಿ ಕಾಫಿಯ ಆಸೆಯಿದ್ದರೆ ಇಟಲಿಯವರು 1933ರಲ್ಲಿ ಕಂಡುಹಿಡಿದ ಮೋಕಾ ಪಾಟ್ ಇದೆ. ಗ್ಯಾಸ್ ಒಲೆಯ ಮೇಲೆ ಇಟ್ಟರೆ ಆಯಿತು, ಕರೆಂಟೂ ಬೇಡ, ಕ್ಯಾಪ್ಸೂಲೂ ಬೇಡ. ಅದರ ಒತ್ತಡ ಒಂದೆರಡು ಬಾರ್ ಅಷ್ಟೇ, ಎಸ್ಪ್ರೆಸೊಗೆ ಸುಮಾರು 9 ಬಾರ್ ಬೇಕು. ಹಾಗಾಗಿ ಮೇಲಿನ ಆ ಕಂದು ನೊರೆ ಅದರಲ್ಲಿ ಬರುವುದಿಲ್ಲ. ನೊರೆ ಬೇಡ ಎನ್ನುವವರ ಹಣ ಅಲ್ಲಿಗೇ ಉಳಿಯಿತು.

ಯಂತ್ರಗಳಲ್ಲಿ ಒಂದರ ಕ್ಯಾಪ್ಸೂಲ್ ಇನ್ನೊಂದಕ್ಕೆ ಕೂರುವುದಿಲ್ಲ. ಡೋಲ್ಚೆ ಗುಸ್ಟೊದ್ದು ಬೇರೆ, ಲವಾಜಾದ್ದು ಬೇರೆ. ನೆಸ್ಪ್ರೆಸೊ ಒಂದರಲ್ಲೇ ಒರಿಜಿನಲ್, ವರ್ಟುವೊ ಎಂಬ ಎರಡು ಬಗೆ. ವರ್ಟುವೊ ಯಂತ್ರ ಕ್ಯಾಪ್ಸೂಲಿನ ಅಂಚಿನ ಬಾರ್‌ಕೋಡ್ ಓದಿಯೇ ಕೆಲಸ ಶುರುಮಾಡುತ್ತದೆ, ಆದ್ದರಿಂದ ಅದನ್ನು ಕೊಂಡವರು ಆ ಕಂಪನಿಯ ಬೆಲೆಗೆ ಕಟ್ಟುಬಿದ್ದ ಹಾಗೆ. ಒರಿಜಿನಲ್ ಬಗೆಯದು ಹಳೆಯದು. ನೆಸ್ಲೆಯಲ್ಲಿದ್ದ ಎಂಜಿನಿಯರ್ ಎರಿಕ್ ಫಾವ್ರ್ 1976ರಲ್ಲಿ ರೂಪಿಸಿದ್ದು, 1986ರಲ್ಲಿ ಮಾರುಕಟ್ಟೆಗೆ ಬಂದದ್ದು. ಅದರ ಮುಖ್ಯ ಪೇಟೆಂಟುಗಳ ಅವಧಿ 2012ರ ಹೊತ್ತಿಗೆ ಮುಗಿಯಿತು. ಅಲ್ಲಿಂದ ಯಾರು ಬೇಕಾದರೂ ಆ ಅಳತೆಯ ಕ್ಯಾಪ್ಸೂಲ್ ಮಾಡಿ ಮಾರಬಹುದು, ಮಾರುತ್ತಲೂ ಇದ್ದಾರೆ. ಕೊಳ್ಳುವವರ ಕೈಗೆ ಚೌಕಾಸಿಯ ಬಲ ಬಂದದ್ದು ಹೀಗೆ. ನಮ್ಮ ಬೆಂಗಳೂರಿನ ಕಾಫಿ ಡೇ ಕೂಡ ಒಂದು ಕಾಲಕ್ಕೆ ‘ವೇಕ್‌ಕಪ್’ ಹೆಸರಿನ ಯಂತ್ರ ತಂದಿತ್ತು. ಯಾವ ಕಂಪನಿಯದ್ದೇ ಇರಲಿ, ತನ್ನದೇ ಅಳತೆಯ ಕ್ಯಾಪ್ಸೂಲ್ ಬೇಡುವ ಯಂತ್ರ ಕೊಳ್ಳುವ ಮುಂಚೆ ಒಂದು ಪ್ರಶ್ನೆ ಕೇಳಿಕೊಳ್ಳಲೇಬೇಕು: ಇದರ ಕ್ಯಾಪ್ಸೂಲ್ ಐದು ವರ್ಷದ ಮೇಲೂ ಸಿಗುತ್ತದೆಯೇ, ಸಿಕ್ಕರೂ ನನ್ನ ಪಿನ್‌ಕೋಡ್‌ಗೆ ಬರುತ್ತದೆಯೇ? ನಗರದವರು ಅಂಗಡಿಗೆ ಹೋಗಿ ತಂದಾರು. ನಮಗೆ ವಿಜಯಪುರ, ಸೊಲ್ಲಾಪುರದಲ್ಲೂ ಸಿಗುವ ಭರವಸೆಯಿಲ್ಲ, ಕೊರಿಯರ್ ಒಂದೇ ದಾರಿ. ಕಳುಹಿಸುವ ಖರ್ಚನ್ನೂ ಸೇರಿಸಿಯೇ ಕ್ಯಾಪ್ಸೂಲಿನ ಬೆಲೆ ಬರೆದುಕೊಳ್ಳಬೇಕು.

ಇನ್ನು ನೀರು. ಮಾರಾಟದ ಜಾಹೀರಾತಿನಲ್ಲಿ ಬಾರ್ ಎಷ್ಟು, ಬಣ್ಣ ಯಾವುದು ಎಂದೆಲ್ಲ ಇರುತ್ತದೆ, ನೀರಿನ ಮಾತು ಇರುವುದಿಲ್ಲ. ನಮ್ಮ ಬೋರಿನ ನೀರು ಗಡಸು. ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿ ಪೊರೆ ಕಟ್ಟುವುದನ್ನು ಇಲ್ಲಿನ ಪ್ರತಿ ಮನೆಯೂ ಬಲ್ಲದು. ಅದೇ ಪೊರೆ ಯಂತ್ರದೊಳಗಿನ ಸಣ್ಣ ಕೊಳವೆಯಲ್ಲಿ ಕಟ್ಟಿದರೆ ನೀರು ಸರಿಯಾಗಿ ಕಾಯದು, ಕಾಫಿ ಹನಿಹನಿಯಾಗಿ ಬೀಳತೊಡಗುತ್ತದೆ, ಕೊನೆಗೆ ಪಂಪು ಕೆಡುತ್ತದೆ. ನಾನು ಊರಿನ ಶುದ್ಧ ನೀರಿನ ಘಟಕದಿಂದ ತಂದ ನೀರನ್ನಷ್ಟೇ ಹಾಕುತ್ತೇನೆ, ಕೆಲವು ತಿಂಗಳಿಗೊಮ್ಮೆ ಪೊರೆ ಬಿಡಿಸುತ್ತೇನೆ. ನಮ್ಮ ಇಂಡಿ ತಾಲೂಕಿನ ಲಿಂಬೆಗೆ 2023ರಲ್ಲಿ ಭೌಗೋಳಿಕ ಸೂಚಿಕೆಯೂ ಸಿಕ್ಕಿದೆ. ಆದರೆ ಪೊರೆ ಕರಗಿಸುವ ಸಿಟ್ರಿಕ್ ಆಮ್ಲ ನಮ್ಮ ತೋಟದಲ್ಲೇ ಜೋತಾಡುತ್ತಿದೆ ಎಂದು ಹಣ್ಣು ಹಿಂಡಿ ಸುರಿಯಬಾರದು, ರಸದ ತಿರುಳು ಕೊಳವೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಕಂಪನಿ ಹೇಳಿದ ದ್ರಾವಣವನ್ನೇ ಬಳಸಿ, ಅದರ ಖರ್ಚನ್ನೂ ವರ್ಷದ ಲೆಕ್ಕಕ್ಕೆ ಸೇರಿಸಿ.

ಕರೆಂಟಿನ ಬಿಲ್ಲಿಗೆ ಹೆದರಬೇಕಿಲ್ಲ. ಯಂತ್ರ 1,300 ವ್ಯಾಟ್ ಆಸುಪಾಸಿನದಾದರೂ ಅದು ಎಳೆಯುವುದು ಒಂದು ನಿಮಿಷದಷ್ಟು, ಒಂದು ಯೂನಿಟ್ಟಿನಲ್ಲಿ ಹತ್ತಾರು ಕಪ್ ಆಗುತ್ತವೆ. ತೊಂದರೆ ವೋಲ್ಟೇಜಿನದು. 230 ಇರಬೇಕಾದಲ್ಲಿ 180ಕ್ಕೆ ಇಳಿದರೆ 1,300 ವ್ಯಾಟಿನ ಹೀಟರ್ 800ರಷ್ಟೇ ಕೆಲಸ ಮಾಡುತ್ತದೆ. ಮನೆಗಳಲ್ಲಿರುವ ಸಾಮಾನ್ಯ ಇನ್ವರ್ಟರ್ ಈ ಹೊರೆ ತಾಳದು, ಕರೆಂಟ್ ಹೋದಾಗ ಕಾಫಿಯೂ ಇಲ್ಲ. ಹೊರದೇಶದಿಂದ ತಂದುಕೊಡುತ್ತೇವೆ ಎನ್ನುವ ಬೀಗರು ಎಲ್ಲರ ಮನೆಯಲ್ಲೂ ಇದ್ದಾರೆ. ದುಬೈನ ಯಂತ್ರ ನಮ್ಮ ವೋಲ್ಟೇಜಿಗೆ ಹೊಂದುತ್ತದೆ, ಅಮೆರಿಕದ್ದು 120 ವೋಲ್ಟಿನದು, ಹೊಂದುವುದಿಲ್ಲ. ಎರಡಕ್ಕೂ ಇಲ್ಲಿ ವಾರಂಟಿ ಸಿಗುವುದು ಅನುಮಾನ, ಮೊದಲೇ ಕೇಳಿಕೊಳ್ಳಿ.

ಈಗ ದೊಡ್ಡ ಲೆಕ್ಕ. ದಿನಕ್ಕೊಂದು ಕ್ಯಾಪ್ಸೂಲ್ ಅಂದರೆ ತಿಂಗಳಿಗೆ 1,500, ವರ್ಷಕ್ಕೆ 18,000. ಯಂತ್ರಕ್ಕೆ 15,000 ಎಂದು ಹಿಡಿದರೆ ಹತ್ತು ತಿಂಗಳಲ್ಲಿ ಕ್ಯಾಪ್ಸೂಲ್ ಖರ್ಚು ಅದರ ಸಮಕ್ಕೆ ಬಂದು ನಿಲ್ಲುತ್ತದೆ. ಫಿಲ್ಟರ್ ಕಾಫಿಗೆ ಕಪ್ಪಿಗೆ 10 ಗ್ರಾಂ ಪುಡಿ, 10 ರೂಪಾಯಿ. ವ್ಯತ್ಯಾಸ ದಿನಕ್ಕೆ 40, ತಿಂಗಳಿಗೆ 1,200. ಅದನ್ನೇ ಅಂಚೆ ಕಚೇರಿಯ ಐದು ವರ್ಷದ ಆರ್.ಡಿ.ಗೆ ಶೇ 6.7ರ ಬಡ್ಡಿಯಲ್ಲಿ ಕಟ್ಟಿದರೆ ಕೈಗೆ ಸುಮಾರು 85,600 ರೂಪಾಯಿ. ‘ಬಡ್ಡಿಯಿಲ್ಲದ ಕಂತು’ ಎಂಬ ಆಸೆಗೂ ಬೀಳಬೇಡಿ. ಶೂನ್ಯ ಬಡ್ಡಿ ಎಂಬುದೇ ಇಲ್ಲ ಎಂದು ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ಬರೆದಿತ್ತು. ಬಿಟ್ಟುಕೊಟ್ಟ ರಿಯಾಯಿತಿಯಲ್ಲೋ ಸಂಸ್ಕರಣಾ ಶುಲ್ಕದಲ್ಲೋ ಆ ಬಡ್ಡಿಯನ್ನು ನಾವೇ ತೆತ್ತಿರುತ್ತೇವೆ.

ಈ ಹಾಳೆಯನ್ನು ಅತ್ತೆಯವರ ಮುಂದೆ ಓದಿದೆ. ಮನೆಯ ಖರ್ಚು ಅವರ ಕೈಯಲ್ಲಿದೆ. ‘ಒಬ್ಬಾಕಿ ಕುಡ್ಯೂ ಒಂದ ಗುಟುಕಿಗೆ ಐವತ್ತ ರೂಪಾಯಿ ಅಂದ್ರ ಹೆಂಗವ್ವಾ? ಅಷ್ಟರಾಗ ಮನಿ ಮಂದಿಗೆಲ್ಲಾ ಚಾ ಆಗತೈತಿ’ ಎಂದರು. ಅವರ ಮಾತು ಸರಿ. ಅರ್ಧ ಲೀಟರ್ ಹಾಲು, ಸಕ್ಕರೆ, ಚಾಪುಡಿ ಸೇರಿ ಒಂದು ಬೋಗಾಣಿ ಚಾ ಆ ದುಡ್ಡಿಗೇ ಆಗುತ್ತದೆ. ಆ ಮಾತಿನ ಮೇಲೆಯೇ ನಾವು ಕರಾರು ಮಾಡಿಕೊಂಡೆವು. ಯಂತ್ರವೂ ಕ್ಯಾಪ್ಸೂಲೂ ನನ್ನ ಸಂಬಳದ್ದು, ಕಿರಾಣಿ ಖರ್ಚಿಗೆ ಸೇರುವಂತಿಲ್ಲ. ತಿಂಗಳಿಗೆ ಕ್ಯಾಪ್ಸೂಲ್‌ಗೆ 600 ರೂಪಾಯಿ, ಅಂದರೆ ಹನ್ನೆರಡು. ಉಳಿದ ದಿನ ಮತ್ತೆ ಮತ್ತೆ ತುಂಬಬಹುದಾದ ಸ್ಟೀಲ್ ಕ್ಯಾಪ್ಸೂಲ್. ಅದಕ್ಕೆ ನುಣ್ಣಗೆ ಬೀಸಿದ ಶುದ್ಧ ಕಾಫಿಪುಡಿ ಬೇಕು, ಚಿಕೋರಿ ಬೆರೆತದ್ದು ಆಗದು. ನೊರೆ ತೆಳು, ತೊಳೆಯುವ ಕೆಲಸ ಹೆಚ್ಚು. ಆದರೆ ಕಪ್ಪಿಗೆ ತಗಲುವುದು ಐದಾರು ರೂಪಾಯಿ.

ಒರಿಜಿನಲ್ ಅಳತೆಯದೇ ಒಂದು ಚಿಕ್ಕ ಯಂತ್ರ ತಂದೆ. ಈ ಬಗೆಯ ಎಸೆಂಜಾ ಮಿನಿಯಂಥವು 8 ಸೆಂಟಿಮೀಟರಿಗಿಂತ ಸ್ವಲ್ಪವೇ ಅಗಲ, ಎರಡೂವರೆ ಕಿಲೋ ಒಳಗಿನ ತೂಕ, 0.6 ಲೀಟರ್ ನೀರಿನ ತೊಟ್ಟಿ. ಮಿಕ್ಸಿಯ ಪಕ್ಕ ಸುಲಭವಾಗಿ ಕೂರುತ್ತವೆ. 15 ಬಾರ್, 19 ಬಾರ್ ಎಂಬ ಅಂಕಿಗೆ ಹೆಚ್ಚು ಹಣ ಕೊಡಲಿಲ್ಲ. ಹಾಲು ನೊರೆಸುವ ಪಾತ್ರೆಯನ್ನೂ ಬಿಟ್ಟೆ, ಚಾಕ್ಕೆಂದು ಕಾದ ಎಮ್ಮೆ ಹಾಲೇ ಸಾಕು. ಇಲ್ಲಿ ರಿಪೇರಿ ಮಾಡುವವರು ಹತ್ತಿರದಲ್ಲಿಲ್ಲ, ವಾರಂಟಿ ಮುಗಿದ ಮೇಲೆ ಕೆಟ್ಟರೆ ಬಹುಮಟ್ಟಿಗೆ ಹೊಸದೇ ಗತಿ. ಅದಕ್ಕಾಗಿ ತಿಂಗಳಿಗೆ 300 ರೂಪಾಯಿಯ ಬೇರೊಂದು ಆರ್.ಡಿ. ತೆರೆದಿದ್ದೇನೆ. ಐದು ವರ್ಷಕ್ಕೆ ಅದು ಸುಮಾರು 21,400 ಆಗುತ್ತದೆ. ಯಂತ್ರ ಅಲ್ಲಿಯವರೆಗೆ ಬಾಳಿದರೆ ಆ ಹಣವನ್ನು ಏನು ಮಾಡಬೇಕೆಂದು ಅತ್ತೆಯವರೇ ನಿರ್ಧರಿಸುವುದು ಎಂದೂ ಕರಾರಿನಲ್ಲಿದೆ.