ಪಂಪಿನ ಇನ್ವರ್ಟರಿಗೆ ಸರಿಯಾದ ಭೂಸಂಪರ್ಕ

ಸೌರ ಫಲಕಗಳಿಂದ ನೀರೆತ್ತುವ ಪದ್ಧತಿಗೆ 2019ರಲ್ಲಿ ಆರಂಭವಾದ ಪಿ.ಎಂ. ಕುಸುಮ್ ಯೋಜನೆಯಿಂದ ಉತ್ತೇಜನ ದೊರೆಯಿತು. ಇಂಥ ಪಂಪುಗಳ ಜೊತೆಗೆ ಬರುವ ಇನ್ವರ್ಟರನ್ನು ಜೋಡಿಸುವ ಕ್ರಮವನ್ನು ಹುಬ್ಬಳ್ಳಿ ಧಾರವಾಡ ಸೀಮೆಯ ಗೌಡರೂ ಜಮೀನುದಾರರೂ ತಿಳಿದಿರುವುದು ಅವಶ್ಯ.

ದೋಷದ ಕಾರಣ: ಫಲಕವು ಏಕಮುಖ ವಿದ್ಯುತ್ತನ್ನು ಕೊಡುತ್ತದೆ. ಇನ್ವರ್ಟರು ಅದನ್ನು ಸೆಕೆಂಡಿಗೆ ಸಾವಿರಾರು ಸಲ ಕಡಿದು ಕೂಡಿಸಿ, ಮೂರು ಫೇಸಿನ ವಿದ್ಯುತ್ತನ್ನಾಗಿ ಮಾರ್ಪಡಿಸಿ ಮೋಟಾರಿಗೆ ಒದಗಿಸುತ್ತದೆ. ಪ್ರತಿಯೊಂದು ಕಡಿತದಲ್ಲಿಯೂ ಅಲ್ಪ ಪ್ರವಾಹವು ಕೇಬಲಿನಿಂದಲೂ ಮೋಟಾರಿನ ಸುರುಳಿಯಿಂದಲೂ ಭೂಮಿಯ ಕಡೆಗೆ ಸೋರುತ್ತದೆ. ಅದು ಇನ್ವರ್ಟರಿಗೇ ಮರಳಬೇಕು. ಹತ್ತಿರದ ದಾರಿ ದೊರೆಯದಿದ್ದರೆ ಹೊಲ, ಕೊಳವೆ, ನೀರಿನ ಮಟ್ಟ ತಿಳಿಸುವ ತಂತಿ ಇವುಗಳ ಮೂಲಕ ಸುತ್ತಿ ಬರುವುದು. ಆಗ 1950ನೆಯ ಜನವರಿ 8ರಂದು ಆರಂಭವಾದ ಧಾರವಾಡ ಆಕಾಶವಾಣಿಯ 765 ಕಿಲೋಹರ್ಟ್ಸಿನ ಮಾತು ಗೊರಗೊರ ಶಬ್ದದಲ್ಲಿ ಮುಳುಗುತ್ತದೆ; ಬಾವಿಯಲ್ಲಿ ನೀರಿದ್ದರೂ ಪಂಪು ನಿಲ್ಲಬಹುದು.

ಪರೀಕ್ಷೆ: ಚಿಕ್ಕ ರೇಡಿಯೋ ಹಿಡಿದು ಪಂಪನ್ನು ಒಮ್ಮೆ ನಿಲ್ಲಿಸಿ, ಒಮ್ಮೆ ನಡೆಸಬೇಕು. ಪಂಪು ನಿಂತೊಡನೆ ಶಬ್ದವೂ ನಿಂತರೆ ದೋಷವು ಇನ್ವರ್ಟರಿನ ಜೋಡಣೆಯದೆಂದು ತಿಳಿಯತಕ್ಕದ್ದು.

ಪರಿಹಾರ:

1. ಇನ್ವರ್ಟರನ್ನು ಬಾವಿಗೆ ಸಮೀಪದಲ್ಲಿರಿಸಿ ಮೋಟಾರಿನ ಕೇಬಲನ್ನು ಆದಷ್ಟು ಗಿಡ್ಡ ಮಾಡಬೇಕು.

2. ಇನ್ವರ್ಟರಿನಿಂದ ಬಾವಿಯ ಬಾಯಿಯವರೆಗೆ ಲೋಹದ ಕವಚವುಳ್ಳ, ನಾಲ್ಕು ತಂತಿಯ ಕೇಬಲು ಉತ್ತಮ. ಕವಚವನ್ನು ಎರಡೂ ತುದಿಗಳಲ್ಲಿ ಲೋಹದ ಗ್ಲ್ಯಾಂಡಿನಿಂದ ಸುತ್ತಲೂ ಬಿಗಿಯಬೇಕು. ನಾಲ್ಕನೆಯ ತಂತಿಯು ಮೋಟಾರಿನ ಮೈಯಿಂದ ನೇರವಾಗಿ ಇನ್ವರ್ಟರಿನ ಭೂಸಂಪರ್ಕದ ತಿರುಪಿಗೆ ಬರತಕ್ಕದ್ದು. ಬಾವಿಯೊಳಗಿನ ಕೊಳವೆ ಪ್ಲಾಸ್ಟಿಕ್ಕಿನದಾದರೆ ಮೋಟಾರಿನವರೆಗೆ ಬೇರೆ ಭೂತಂತಿಯನ್ನು ಇಳಿಸಬೇಕು.

3. ನೀರಿನ ಮಟ್ಟದ ತಂತಿಯನ್ನು ಮೋಟಾರಿನ ಕೇಬಲಿನಿಂದ ಕನಿಷ್ಠ ಒಂದು ಅಡಿ ದೂರವಿಡಬೇಕು. ದಾಟಿಸುವುದು ಅನಿವಾರ್ಯವಾದರೆ ಅಡ್ಡಲಾಗಿ ದಾಟಿಸಬೇಕು.

ಎರೆಭೂಮಿಯ ವಿಷಯ: ಎರೆಮಣ್ಣು ಹಸಿಯಿರುವಾಗ ವಿದ್ಯುತ್ತನ್ನು ಚೆನ್ನಾಗಿ ಒಯ್ಯುತ್ತದೆ, ಬೇಸಿಗೆಯಲ್ಲಿ ಬಿರಿದು ನೆಟ್ಟ ಕೊಳವೆಯಿಂದ ದೂರ ಸರಿಯುತ್ತದೆ. ಮಳೆಗಾಲದಲ್ಲಿ ಅಳೆದು ಸಮಾಧಾನಪಡುವುದು ತಪ್ಪು. ಭೂಸಂಪರ್ಕದ ಕೊಳವೆಯು ಎರಡೂವರೆ ಮೀಟರಿಗೆ ಕಡಮೆಯಾಗಿರಬಾರದು. ಅದನ್ನು ಏಪ್ರಿಲ್–ಮೇ ತಿಂಗಳಲ್ಲಿ ಮಾಪಕದಿಂದ ಅಳೆಯಿಸಬೇಕು.

ಎಚ್ಚರಿಕೆ: ರಕ್ಷಕ ಸ್ವಿಚ್ಚು ಮೇಲಿಂದ ಮೇಲೆ ಬೀಳುತ್ತದೆಂದು ಭೂತಂತಿಯನ್ನೇ ಬಿಚ್ಚಿಬಿಡುವುದುಂಟು. ಇದರಿಂದ ಸೋರುವ ಪ್ರವಾಹವು ನಿಲ್ಲುವುದಿಲ್ಲ. ಮೋಟಾರಿನ ಸುರುಳಿ ಕೆಟ್ಟ ದಿನ, ನೀರು ಕಟ್ಟಲು ಬಂದು ಕೊಳವೆ ಮುಟ್ಟಿದ ಆಳಿನ ಮೈಯೇ ಭೂತಂತಿಯಾಗುತ್ತದೆ. ನ್ಯೂಟ್ರಲ್ ತಂತಿಯನ್ನು ಭೂತಂತಿಯಾಗಿ ಬಳಸುವುದೂ ಅಷ್ಟೇ ಅಪಾಯಕರ. ಬಿಸಿಲಿರುವವರೆಗೆ ಫಲಕದಲ್ಲಿ ವಿದ್ಯುತ್ತಿರುತ್ತದೆ. ಸ್ವಿಚ್ಚು ತೆಗೆದ ಮೇಲೂ ಇನ್ವರ್ಟರಿನೊಳಗೆ ಕೆಲವು ನಿಮಿಷ ಉಳಿಯುತ್ತದೆ. ಆದುದರಿಂದ ಮೇಲೆ ಹೇಳಿದ ಕೆಲಸವನ್ನೆಲ್ಲ ಪರವಾನಗಿಯುಳ್ಳ ವಿದ್ಯುತ್ ಕೆಲಸಗಾರನಿಂದಲೇ ಮಾಡಿಸತಕ್ಕದ್ದು. ಪ್ರತಿ ಬೇಸಿಗೆಯಲ್ಲಿ ಊರಿನ ಪಂಪುಗಳೆಲ್ಲವನ್ನೂ ಒಂದೇ ಸಲಕ್ಕೆ ಪರೀಕ್ಷಿಸುವಂತೆ ಗೌಡರು ಏರ್ಪಡಿಸಿದರೆ ಖರ್ಚೂ ಕಡಮೆಯಾಗುವುದು, ಜೀವಕ್ಕೂ ರಕ್ಷಣೆ ದೊರೆಯುವುದು.